ಚಿಕ್ಕವೆಂಕಟಪ್ಪನ ಗೊಡ್ಡು ಮರ ಕಾಯಿ ಬಿಟ್ಟದ್ದು

ಕ್ಯಾಸಂಬಳ್ಳಿಯ ಚಿಕ್ಕವೆಂಕಟಪ್ಪ ಬೆನ್ನಿಗೆ ಔಷಧಿ ಡಬ್ಬ ಏರಿಸಿ ಸೀಬೆ ತೋಟಕ್ಕೆ ಇಳಿದನೆಂದರೆ ಆ ವಾಸನೆಗೆ ಉರಿಗಾಂ ಕಾಗೆಗಳು ಆಂಧ್ರ ಸುತ್ತಿಕೊಂಡು ಗೂಡು ಸೇರುತ್ತಿದ್ದವು. ಎಲೆಯಡಿ ಒಂದು ಹಸಿರು ಹೇನು ಕಂಡರೂ ಸಾಕು, ಅಂಗಡಿಯವನು ಹೇಳಿದ ಅಳತೆಗೆ ತನ್ನದೊಂದು ಮುಚ್ಚಳ ಸೇರಿಸಿ, ಹಳೇ ಬಾಟಲಿಗಳ ತಳದಲ್ಲಿ ಉಳಿದದ್ದನ್ನೂ ಬೆರೆಸಿ ಹೊಡೆಯುವವನು. ಹೇನು ತಿನ್ನುವ ಕೆಂಪು ಗುಲಗಂಜಿ ಹುಳುಗಳು ಮೊದಲು ಸಾಯುತ್ತಿದ್ದವು. ಹೇನುಗಳು ಮಾತ್ರ ಮಕ್ಕಳುಮರಿ ಸಮೇತ ವಾಪಸು ಬರುತ್ತಿದ್ದವು.

ಮಗ ಬಾಲಾಜಿಗೆ ಬಂಗಾರಪೇಟೆ ಕಡೆಯ ಜಯರಾಮಪ್ಪನ ಮಗಳು ನವ್ಯಶ್ರೀಯನ್ನು ತರುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹೆಣ್ಣಿನ ಅಪ್ಪ ಬಂದು ತೋಟ ನೋಡಿ ಹೂಂ ಅನ್ನುವುದೊಂದೇ ಬಾಕಿ. ಬೀಗರ ಕಣ್ಣಿಗೆ ಹೇನು ಬೀಳಬಾರದೆಂದು ಚಿಕ್ಕವೆಂಕಟಪ್ಪ ಹಿಂದಿನ ದಿನ ಮರಗಳಿಗೆ ಅಭ್ಯಂಜನವನ್ನೇ ಮಾಡಿಸಿದ. ಡಬ್ಬ ಕೆಳಗಿಳಿಸಿದ ಮೇಲೆ ಹೆಂಡತಿ ದೊಡ್ಡಮುನಿಯಮ್ಮ ಕೇಳಿದಳು, "ನಾಳೆ ಬೀಗ್ರು ಅಣ್ಣು ಕಿತ್ಕೊಂಡು ತಿಂತಾರಲ್ಲ, ಏನ್ ಮಾಡ್ತೀಯ?"

ತೋಟ ನೋಡಲು ಬಂದ ನೆಂಟ ಕೈಯಾರೆ ಒಂದು ಹಣ್ಣು ಕಿತ್ತು ತಿನ್ನದೆ ಹೋದರೆ ಸಂಬಂಧ ಬೇಡವೆಂದೇ ಅರ್ಥ.

ಚಿಕ್ಕವೆಂಕಟಪ್ಪ ಗಾಡಿ ಹತ್ತಿ ಬಂಗಾರಪೇಟೆಗೆ ಓಡಿದ. ಸ್ಟೇಷನ್ ಹತ್ತಿರ ತೊಟ್ಟಿನ ಜತೆ ಎರಡೆರಡು ಎಲೆ ಇದ್ದ ಸೀಬೆಹಣ್ಣು ಸಿಕ್ಕವು, ಈಗಷ್ಟೇ ಕಿತ್ತ ಹಾಗೆ. ಅವನ ತೋಟದ ಬಾಗಿಲ ಬಳಿ ಒಂದು ಗೊಡ್ಡು ಸೀಬೆ ಮರವಿತ್ತು. ಹುಟ್ಟಿದಾಗಿನಿಂದ ಕಾಯಿ ಕಂಡದ್ದಲ್ಲ, ಅದಕ್ಕೇ ಔಷಧಿಯನ್ನೂ ಕಂಡದ್ದಲ್ಲ. ಬೆಳಿಗ್ಗೆ ಗಂಡ ಹೆಂಡತಿ ಬಾಳೆನಾರಿನಿಂದ ಹಣ್ಣುಗಳನ್ನು ಅದಕ್ಕೆ ಕಟ್ಟಿದರು. ಆ ಮರ ನಾಚಿಕೊಂಡಂತೆ ಬಾಗಿತು.

ಜಯರಾಮಪ್ಪ ಬಂದ, ಹೊಗಳಿದ, ಕಿತ್ತ. ನಾರು ಟಪ್ಪೆಂದದ್ದು ಅವನಿಗೆ ಕೇಳಿಸಲಿಲ್ಲ. ಹಣ್ಣು ಬಾಯಿಯವರೆಗೂ ಹೋಯಿತು. ಆಮೇಲೆ ತೊಟ್ಟು ನೋಡಿದ, ಎಲೆ ನೋಡಿದ, ಕೈ ಇಳಿಸಿದ. ಚಿಕ್ಕವೆಂಕಟಪ್ಪನ ಜೀವ ಮೈಸೂರು ಮೈನ್ಸಿನ ಚಿನ್ನದ ಗಣಿ ಗುಂಡಿಗಿಂತ ಕೆಳಗಿಳಿಯಿತು.

"ಎಲ್ಡೆಲೆ ಬಿಟ್ಟು ಓರೆಯಾಗಿ ಕತ್ರಿಸೋದು ನಮ್ ಮನೆ ಕೈ ಕಣಣ್ಣ. ಇದು ನಮ್ ತೋಟದ್ದು."

ಇನ್ನು ಮುಚ್ಚಿಟ್ಟು ಫಲವಿಲ್ಲ. ನಿನ್ನೆ ತಾನು ಔಷಧಿ ಹೊಡೆದದ್ದು, ಪೇಟೆಗೆ ಓಡಿದ್ದು ಎಲ್ಲವನ್ನೂ ಚಿಕ್ಕವೆಂಕಟಪ್ಪ ಹೇಳಿಕೊಂಡ. "ನೆಂಟ್ರಿಗೆ ಇಸ ಕೊಡಾಕಾಯ್ತದಾ? ನಿಮ್ದೇ ಅಣ್ಣಲ್ವಾ, ಧೈರ್ಯವಾಗಿ ತಿನ್ನಿ."

ಜಯರಾಮಪ್ಪ ತಿನ್ನಲಿಲ್ಲ. ಹಣ್ಣನ್ನು ಪಂಚೆಗೆ ಉಜ್ಜಿದ, ಆಕಾಶ ನೋಡಿದ, ಕೊನೆಗೆ ಮೆಲ್ಲಗೆ ಅಂದ: "ನಾನೂ ಮೊನ್ನೆ ತಾನೇ ಔಷ್ದಿ ಒಡ್ದಿದ್ದೆ."

ಮೊದಲು ನಕ್ಕವಳು ದೊಡ್ಡಮುನಿಯಮ್ಮ. "ಇಬ್ರೂ ಒಂದೇ ಡಬ್ಬ ಒತ್ತೋರು. ಇನ್ನೇನ್ ನೋಡ್ಬೇಕು? ಸಕ್ರೆ ತತ್ತೀನಿ ಇರಿ."

ಸಕ್ಕರೆ ತಿಂದು ಸಂಬಂಧ ಗಟ್ಟಿ ಮಾಡಿಕೊಂಡರು. ಮದುವೆಯ ತಾಂಬೂಲಕ್ಕೆ ಎರಡೂ ತೋಟದ ಹಣ್ಣೇ ಆಗಬೇಕು, ಅಲ್ಲಿಯವರೆಗೆ ಯಾರೂ ಔಷಧಿ ಮುಟ್ಟಕೂಡದು ಎಂದು ಅವಳೇ ಕಟ್ಟುಮಾಡಿದಳು. ಚಿಕ್ಕವೆಂಕಟಪ್ಪ ಡಬ್ಬದ ಪಕ್ಕದಲ್ಲೇ ಮಲಗಿ ನಿಟ್ಟುಸಿರಿಟ್ಟ. ಹೇನುಗಳು ಸುರಿಸಿದ ಅಂಟಿಗೆ ಅವನ ಚಪ್ಪಲಿಗಳು ತೋಟದಲ್ಲೇ ಉಳಿದುಬಿಟ್ಟವು. ಆಮೇಲೆ ಎಲ್ಲಿಂದಲೋ ಗುಲಗಂಜಿ ಹುಳುಗಳ ದಿಬ್ಬಣವೇ ಬಂದಿಳಿದು, ಮರಗಳೆಲ್ಲ ಕುಂಕುಮ ಇಟ್ಟುಕೊಂಡಂತಾದವು. ಮದುವೆಯ ಹೊತ್ತಿಗೆ ಹೇನು ಹುಡುಕಿದರೂ ಅಪರೂಪ.

ಚಪ್ಪರದಲ್ಲಿ ಚಿಕ್ಕವೆಂಕಟಪ್ಪ ಹಣ್ಣು ಹಂಚುತ್ತಾ ಎಲ್ಲರಿಗೂ ಹೇಳಿದ್ದೇ ಹೇಳಿದ್ದು: "ಆವತ್ತು ಒಡ್ದಿದ್ದೆನಲ್ಲ, ಆ ಔಷ್ದಿ ಈಗ್ ಕೆಲ್ಸ ಮಾಡ್ತಾ ಐತೆ."