ಏಳು ನಾಣ್ಯಗಳ ಬಸ್ಸು

ಕಾರ್ಖಾನೆಯ ಸೈರನ್ ಕೇಳಿ ಭದ್ರಾವತಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ನಮ್ಮಪ್ಪ ಆ ದೊಡ್ಡ ಕಾರ್ಖಾನೆಯವನಲ್ಲ. ಶಿವಮೊಗ್ಗದ ದಾರಿಯಲ್ಲಿದ್ದ ಒಂದು ಸಣ್ಣ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಹೊತ್ತು ಅಚ್ಚಿಗೆ ಹುಯ್ಯುವುದು ಅವನ ಕೆಲಸ. ಸಂಜೆ ಮನೆಗೆ ಬಂದರೆ ಸುಟ್ಟ ಮರಳಿನ ವಾಸನೆ. ಸ್ನಾನ ಮಾಡಿ, ಮಂಡಕ್ಕಿಯ ಬಟ್ಟಲು ಹಿಡಿದು ಕೂತಮೇಲೂ ಆ ವಾಸನೆ ಹೋಗುತ್ತಿರಲಿಲ್ಲ.

ಅಪ್ಪನಿಗಿದ್ದ ಒಂದೇ ಹುಚ್ಚು ಸ್ಮರಣೆಯ ನಾಣ್ಯಗಳದ್ದು. ಯಾವುದೋ ಸಂಘಕ್ಕೆ ಐವತ್ತು ವರ್ಷ, ಇನ್ಯಾವುದೋ ಉತ್ಸವ ಎಂದು ಹೊರಡಿಸಿದ ತಾಮ್ರ, ಹಿತ್ತಾಳೆಯ ಬಿಲ್ಲೆಗಳು. ಅಂಗಡಿಯಲ್ಲಿ ನಡೆಯುವಂಥವಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೇ ಸಾಮಾನು ಮಾರುವ ಸಾಬರೊಬ್ಬರು ಅಪ್ಪನಿಗಾಗಿ ಎತ್ತಿಡುತ್ತಿದ್ದರು. ಎಷ್ಟೋ ಭಾನುವಾರ ಅಲೆದು ಏಳು ಸೇರಿಸಿದ್ದ: ನಮ್ಮೂರಿನ ಲಕ್ಷ್ಮೀನರಸಿಂಹನ ಗುಡಿ, ಕೂಡ್ಲಿಯ ಸಂಗಮ, ಶಿವಮೊಗ್ಗದ ಅರಮನೆ, ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ, ಕೆಳದಿಯ ದೇವಸ್ಥಾನ, ಕೊನೆಗೆ ಜೋಗ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅರಿವೆ ಹಾಸಿ, ಇದೇ ಸಾಲಿನಲ್ಲಿ ಇಡುತ್ತಿದ್ದ. ಅದು ನಮ್ಮ ಬಸ್ಸು.

ಅಪ್ಪ ಡ್ರೈವರು, ನಾನು ಕಂಡಕ್ಟರು, ಪಕ್ಕದ ಮನೆಯ ಮುರುಗನ್ ಮಾಮ ಪ್ರಯಾಣಿಕ. ಮಾಮನೂ ಅದೇ ಫೌಂಡ್ರಿಯವನು. ಕಬ್ಬಿಣ ಹೊರುವ ಲೇಡಲ್‌ಗೆ ಎರಡು ಕಡೆ ಹಿಡಿಕೆ ಇರುತ್ತದೆ. ಒಂದು ಅಪ್ಪನ ಕೈಯಲ್ಲಿ, ಇನ್ನೊಂದು ಮಾಮನ ಕೈಯಲ್ಲಿ. ಅಚ್ಚಿನ ಬಾಯಿ ನೋಡಿ ಬಗ್ಗಿಸುವವನು ಅಪ್ಪ.

"ಎಲ್ಲಿಗ್ರೀ?" ಎಂದು ನಾನು ಕೇಳಿದರೆ ಮಾಮನದು ದಿನವೂ ಒಂದೇ ಉತ್ತರ.

"ನಮ್ಗೆ ಒಂದು ಜೋಗ ಕೊಡು ಪಾಪಾ. ಮಧ್ಯ ಎಲ್ಲೂ ಇಳಿಯಲ್ಲ."

ನಾವು ಮೂವರೂ ಜೋಗ ನೋಡಿದವರಲ್ಲ. ಮುಂದಿನ ಮಳೆಗಾಲದಲ್ಲಿ ಎರಡೂ ಮನೆಯವರು ಸೇರಿ ಹೋಗುವುದು ಎಂದು ಮಾತಾಗಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ದಸರಾ ರಜೆಯಲ್ಲಿ, ಅಪ್ಪ ಜೋಗದ ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದು, "ಎಲ್ಲಾ ಮಂಕಾಗಿದೆಯಲ್ಲ ಪುಟ್ಟಿ" ಎಂದ. ನನಗೂ ಅವು ಕಪ್ಪಾಗಿವೆ ಅನ್ನಿಸಿತು. ಮಾರನೆಯ ದಿನ ಅಮ್ಮ ಆಯುಧಪೂಜೆಗೆಂದು ಹಿತ್ತಿಲಲ್ಲಿ ಹಿತ್ತಾಳೆ ಪಾತ್ರೆ ಉಜ್ಜುತ್ತಿದ್ದಳು. ಅವಳು ಎದ್ದು ಹೋದಮೇಲೆ ಉಳಿದ ಹುಣಸೆಹಣ್ಣು, ಇಟ್ಟಿಗೆ ಪುಡಿ ತೆಗೆದುಕೊಂಡು ನಾನು ಏಳೂ ನಾಣ್ಯ ಉಜ್ಜಿದೆ. ಜೋಗದ್ದನ್ನಂತೂ ಬೆರಳು ಉರಿಯುವವರೆಗೆ ತಿಕ್ಕಿದೆ. ಹೊಸ ಚೆಂಬಿನಂತೆ ಫಳಫಳ ಎಂದವು. ನಾಲ್ಕು ಧಾರೆಗಳಲ್ಲಿ ಎರಡು ಅಳಿಸಿಹೋದದ್ದು ಆಮೇಲೆ ತಿಳಿಯಿತು. ಹಳೇ ನಾಣ್ಯವನ್ನು ಉಜ್ಜಬಾರದು, ಆ ಕಪ್ಪೇ ಅದರ ಬೆಲೆ ಎಂದು ನನಗೆ ಹೇಳಿದವರು ಯಾರು?

ಸಂಜೆ ಅಪ್ಪ ಡಬ್ಬಿ ತೆಗೆದ. ಈಗ ಕುಣಿಯುತ್ತಾನೆ ಎಂದು ನಾನು ಕಾದು ಕೂತಿದ್ದೆ. ಮೊದಲನೆಯದನ್ನು ಎತ್ತಿ, ಹೆಬ್ಬೆರಳಿನಿಂದ ಸವರಿ, "ಭದ್ರಾವತಿ. ರೈಟ್, ರೈಟ್" ಎಂದ.

ಅವನ ಕೈಯಲ್ಲಿದ್ದದ್ದು ಆನೆ. ಒರೆಸಿ ಇಡುವಾಗ ನಾನು ಸಾಲು ತಪ್ಪಿಸಿದ್ದೆ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಅಪ್ಪ ಎರಡನೆಯದನ್ನು ಎತ್ತಿ ಕೂಡ್ಲಿ ಎಂದ. ಅದು ಅರಮನೆ. ಮೂರನೆಯದಕ್ಕೆ ನನಗೆ ನಗು ಬರಲಿಲ್ಲ.

"ಅಪ್ಪ, ಅದು ಜೋಗ."

ಅಪ್ಪನ ಕೈ ನಿಂತಿತು. ಬೆಂಕಿ ತಿಂದು ದಪ್ಪಗಾದ ಬೆರಳುಗಳು. ಅವಕ್ಕೂ ಏನೂ ತಿಳಿಯುತ್ತಿರಲಿಲ್ಲ. ಬಾಗಿಲ ಕಡೆ ತಿರುಗಿ, ಅಮ್ಮ ಅಡುಗೆಮನೆಯಲ್ಲೇ ಇದ್ದಾಳೆಂದು ಸದ್ದಿನಲ್ಲೇ ಗೊತ್ತುಮಾಡಿಕೊಂಡು, ಮೆಲ್ಲಗೆ ಹೇಳಿದ: "ಯಾರಿಗೂ ಹೇಳ್ಬೇಡ ಪುಟ್ಟಿ. ಕಣ್ಣು ಸ್ವಲ್ಪ ಮಂಜಾಗಿದೆ ಅಷ್ಟೆ. ಗೊತ್ತಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತಾರೆ. ದೀಪಾವಳಿ ಕಳೀಲಿ, ಡಾಕ್ಟರಿಗೆ ತೋರಿಸ್ತೀನಿ."

"ಮುರುಗನ್ ಮಾಮನಿಗೂ ಹೇಳ್ಬಾರ್ದಾ?"

"ಅವನಿಗಂತೂ ಬೇಡವೇ ಬೇಡ. ಹೆದರಿಬಿಡ್ತಾನೆ."

ಆಣೆ ಮಾಡಿಸಿಕೊಂಡ. ಜೋಗದ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಇದು ಇನ್ನು ನಿಂದು" ಎಂದ. ಅಷ್ಟು ದೊಡ್ಡ ಗುಟ್ಟು ನನ್ನೊಬ್ಬಳದೇ ಎಂದು ನನಗೆ ಹೆಮ್ಮೆಯಾಯಿತು. ಈಗಲೂ ನಾಚಿಕೆಯಾಗುವುದು ಆ ಹೆಮ್ಮೆಗೆ.

ಮುಂದಿನ ಮೂರು ವಾರ ಮಾಮ ದಿನವೂ ಬಂದು ಟಿಕೆಟ್ ಕೇಳಿದ. ನಾನು ಕೊಟ್ಟೆ. ಒಮ್ಮೆ ಅವನೇ, "ಏನು ಪಾಪಾ, ಕಂಡಕ್ಟರ್ ಮಾತೇ ಆಡಲ್ಲ?" ಎಂದ. ಜೋಗ ನನ್ನ ಫ್ರಾಕಿನ ಜೇಬಿನಲ್ಲಿತ್ತು. ಕೈ ಇಳಿಸಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ದೀಪಾವಳಿಗೆ ಎರಡು ದಿನ ಇರುವಾಗ, ಆ ದಿನದ ಕೊನೆಯ ಅಚ್ಚಿಗೆ ಹುಯ್ಯುವಾಗ, ಅಪ್ಪ ಅಚ್ಚಿನ ಬಾಯಿ ಬರುವ ಮೊದಲೇ ಲೇಡಲ್ ಬಗ್ಗಿಸಿದ. ಕೆಳಗೆ ನೆಲ ಒದ್ದೆಯಿತ್ತು. ಒದ್ದೆಯ ಮೇಲೆ ಬಿದ್ದ ಕಬ್ಬಿಣ ಸಿಡಿಯುತ್ತದೆ. ಅದು ಸಿಡಿದದ್ದು ಮಾಮನ ಮೇಲೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಐದು ದಿನ ಜೀವ ಹಿಡಿದುಕೊಂಡಿದ್ದ.

ಅಪ್ಪ ಎಲ್ಲರಿಗೂ "ಕೈ ಜಾರಿತು" ಎಂದ. ನಾನು ಅವನ ಮುಖ ನೋಡಿದೆ. ಅವನಿಗೆ ನನ್ನ ಮುಖ ಕಾಣುವಂತಿರಲಿಲ್ಲ.

ಮಾಮನನ್ನು ಮನೆಯ ಮುಂದೆ ಮಲಗಿಸಿದ್ದರು. ತೀರಿಕೊಂಡವರ ಹಣೆಗೆ ಒಂದು ನಾಣ್ಯ ಇಡುವುದು ತಮಿಳಿನವರಾದ ಅವರ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಯಾರ ಬಳಿಯೂ ಚಿಲ್ಲರೆ ಇಲ್ಲ. ಗಂಡಸರೆಲ್ಲ ಜೇಬು ತಡಕಾಡುತ್ತಿದ್ದರು. ಮಾಮನ ಹೆಂಡತಿ ಸೆಲ್ವಿ ಅತ್ತೆ, ಅತ್ತು ಅತ್ತು ದನಿ ಸತ್ತವಳು, ನನ್ನ ಮುಚ್ಚಿದ ಮುಷ್ಟಿ ನೋಡಿ, "ಪಾಪಾ, ನಿನ್ ಹತ್ರ ಕಾಸು ಇದ್ಯಾಮ್ಮಾ?" ಎಂದಳು.

"ಇಲ್ಲ" ಎಂದೆ.

ಯಾರೋ ಮೂಲೆ ಅಂಗಡಿಗೆ ಓಡಿ ಒಂದು ರೂಪಾಯಿ ತಂದರು. ಸೆಲ್ವಿ ಅತ್ತೆ ಅದನ್ನು ಹಣೆಗಿಟ್ಟು, ಗೋಡೆಗೊರಗಿ ಕೂತಿದ್ದ ನಮ್ಮಪ್ಪನ ಬಳಿ ಬಂದು, "ನೀವು ಅಳಬೇಡಿ ಅಣ್ಣಾ, ನಿಮ್ಮ ತಪ್ಪಲ್ಲ" ಎಂದಳು. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮರುವರ್ಷ ಅಮ್ಮನೇ ಹಟ ಮಾಡಿ ಡಾಕ್ಟರಿಗೆ ತೋರಿಸಿದಳು. ಪೊರೆ ಬಂದಿತ್ತು. ವರ್ಷಗಟ್ಟಲೆ ಬೆಂಕಿ ನೋಡುವವರಿಗೆ ಬೇಗ ಬರುತ್ತದಂತೆ. ಅರ್ಧ ಗಂಟೆಯಲ್ಲಿ ತೆಗೆದುಹಾಕಿದರು. ಅಪ್ಪನಿಗೆ ಮತ್ತೆ ಎಲ್ಲವೂ ಕಂಡಿತು. ಅವನು ಫೌಂಡ್ರಿಗೆ ಹೋಗಲಿಲ್ಲ, ಡಬ್ಬಿಯನ್ನೂ ತೆಗೆಯಲಿಲ್ಲ. ಸೆಲ್ವಿ ಅತ್ತೆ ಮನೆ ಖಾಲಿ ಮಾಡಿ ತವರಿಗೆ ಹೋದಳು. ಹೊರಡುವ ದಿನ ನನ್ನ ಗಲ್ಲ ಹಿಂಡಿ ಮುದ್ದು ಮಾಡಿದಳು. ಆಗಲಾದರೂ ಹೇಳಬಹುದಿತ್ತು.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ನಿಜ ಬಲ್ಲವಳು ಈಗ ನಾನೊಬ್ಬಳೇ. ಆ ಸೈರನ್ನೂ ಈಗ ಕೇಳುವುದಿಲ್ಲ. ಜೋಗಕ್ಕೆ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಗೆ ಬರಬಹುದು; ನಾನಿನ್ನೂ ಹೋಗಿಲ್ಲ.

ಮೊನ್ನೆ ನನ್ನ ಮಗಳು ಬೀರು ತಡಕಾಡುವಾಗ ಆ ನಾಣ್ಯ ಅವಳ ಕೈಗೆ ಸಿಕ್ಕಿತು. ಅದು ಮತ್ತೆ ಕಪ್ಪಾಗಿದೆ. ಹೆಬ್ಬೆರಳಿನಿಂದ ಸವರಿ, "ಏನೂ ಗೊತ್ತಾಗಲ್ಲಮ್ಮ. ಇದು ಯಾವೂರು?" ಎಂದಳು.

"ಮುರುಗನ್ ಮಾಮನಿಗೆ ಟಿಕೆಟ್ ಕೊಟ್ಟಿದ್ದೆ. ಅವನು ಇಳೀಬೇಕಿದ್ದ ಊರು" ಎಂದೆ.

ಅವಳಿಗೆ ಮುರುಗನ್ ಮಾಮ ಯಾರೆಂದು ಗೊತ್ತಿರಲಿಲ್ಲ. ಕೇಳಿದಳು. ನಾನು ಮೊದಲಿನಿಂದ ಹೇಳತೊಡಗಿದೆ.