ನನ್ನ ಕಲ್ಲಿನ ಸಂದಿಗೆ ಬಂದ ಗಡಿಯಾರ

ಲಕ್ಷ್ಮೇಶ್ವರಕ್ಕೆ ಬಂದ ನಾಲ್ಕನೆಯ ದಿನ. ಉಳಿಯ ಸದ್ದು ಕೇಳಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಾನು ಕಲ್ಲು ಕೆತ್ತುತ್ತಿದ್ದಲ್ಲಿಗೆ ನೇರ ಒಳಗೆ ಬಂದರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬೀಸುಕಲ್ಲಿನ ಮೇಲಿನ ಹೋಳು. ಅದನ್ನು ನನ್ನ ಕಾಲ ಬಳಿ ಇಳಿಸಿ, "ನುಣ್ಣಗಾಗೇತ್ರಿ ಅಕ್ಕಾರ, ಹಿಟ್ಟ ಬೀಳವಲ್ದು. ಜಲ್ದಿ ನಾಲ್ಕು ಪೆಟ್ಟು ಹಾಕಿ ಕೊಡ್ರಿ," ಎಂದರು.

"ನಾನು ಆ ಕೆಲಸ ಮಾಡಲ್ಲ. ನಾನು ಶಿಲ್ಪಿ," ಎಂದೆ.

ಅವರು ನನ್ನ ಎದುರಿಗಿದ್ದ ಕಲ್ಲನ್ನು ಒಂದು ಸುತ್ತು ಬಂದು ನೋಡಿದರು. ಮೈಸೂರಿನಿಂದ ಹುಲ್ಲು ಸುತ್ತಿ ಲಾರಿಯಲ್ಲಿ ತಂದ, ಅರ್ಧ ಮುಗಿದ ಕೆಲಸ ಅದು. "ಹಂಗಾರ ಇದೇನ್ರಿ?"

"ಒಂದು ಆಕಾರ."

"ಯಾವುದರ ಆಕಾರ?"

"ಯಾವುದರದ್ದೂ ಅಲ್ಲ."

"ಯಾವುದರದೂ ಅಲ್ಲಂದ್ರ ಇಷ್ಟ್ಯಾಕ ಬಡೀತೀರಿ?" ಎನ್ನುತ್ತಾ ಬೀಸುಕಲ್ಲನ್ನು ಮತ್ತೆ ತಲೆಗೇರಿಸಿಕೊಂಡು ಹೋಗಿಬಿಟ್ಟರು. ನೀಲವ್ವನ ಪರಿಚಯವಾದದ್ದು ಹೀಗೆ. ಆ ದಿನವಿಡೀ ನನಗೆ ಕೆಲಸ ಸಾಗಲಿಲ್ಲ.

ಮೈಸೂರಿನಲ್ಲಿ ನಾನು ಹತ್ತು ವರ್ಷ ಬೇರೆಯವರ ಸ್ಟುಡಿಯೋಗಳಲ್ಲಿ ನಾಯಕರ ಪ್ರತಿಮೆಗಳ ಮೀಸೆ ತಿದ್ದಿದವಳು. ಒಬ್ಬರಿಗೆ ಮೂಗು ಉದ್ದವಾಯಿತು, ಇನ್ನೊಬ್ಬರಿಗೆ ಶಾಲಿನ ಮಡಿಕೆ ಸಾಲದು. ಮೂವತ್ತೆಂಟು ತುಂಬಿದ ವರ್ಷ, ಇನ್ನು ಮುಖ ಮಾಡುವುದಿಲ್ಲ ಎಂದು ತೀರ್ಮಾನಿಸಿದೆ. ಆದರೆ ನನ್ನದೇ ಕೆಲಸ ಶುರು ಮಾಡಿದರೆ ಬಾಡಿಗೆ ಮನೆಯ ಅಕ್ಕಪಕ್ಕದವರು ಸದ್ದು, ದೂಳು ಎಂದು ದೂರು ಕೊಟ್ಟರು. ಆಗ ಪರಿಚಯದವರೊಬ್ಬರು ಲಕ್ಷ್ಮೇಶ್ವರದ ಹಳೇ ಪೇಟೆಯಲ್ಲಿ ಒಂದು ವಖಾರಿ ಖಾಲಿ ಇದೆ ಎಂದರು. ವಖಾರಿ ಅಂದರೆ ಕಾಳು ತುಂಬಿಡುವ ಉಗ್ರಾಣ. ದಪ್ಪ ಗೋಡೆ, ಎತ್ತರದ ಬಾಗಿಲು. ಮಹಡಿಯಲ್ಲಿ ಇರಲು ಒಂದು ಕೋಣೆ. ನೋಡಿದ ದಿನವೇ ಒಪ್ಪಿಕೊಂಡೆ.

ಕನ್ನಡದಿಂದ ಕನ್ನಡಕ್ಕೆ ಬಂದವಳಿಗೆ ಭಾಷೆಯ ಕಷ್ಟ ಎಂಥದ್ದು ಎಂದುಕೊಂಡಿದ್ದೆ. "ನಿಮ್ಮ ದಗದ ಏನ್ರಿ?" ಎಂದು ವಖಾರಿಯ ಮಾಲೀಕರು ಕೇಳಿದಾಗ ನನಗೆ ಕೇಳಿಸಿದ್ದು 'ದಗಾ'. ಮುಖ ಗಂಟಿಕ್ಕಿದೆ. ದಗದ ಎಂದರೆ ಕೆಲಸ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಶಿರಹಟ್ಟಿ ದಾರಿಯ ಕಲ್ಲಿನ ಅಂಗಡಿಯಲ್ಲಿ "ಫರಸಿ ಬೇಕೇನ್ರಿ?" ಎಂದರು. ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ. ಅಲ್ಲ, ನನ್ನೆತ್ತರದ ಇಡೀ ದಿಮ್ಮಿ ಬೇಕು ಎಂದೆ. ಅಂಗಡಿಯವನು ದನಿ ತಗ್ಗಿಸಿ, "ಯಾರು ತೀರಿಕೊಂಡ್ರಿ?" ಎಂದ.

ಮೈಸೂರಿನಲ್ಲಿ ನನ್ನ ಕೆಲಸ ಅರ್ಥವಾಗದವರು ತಲೆದೂಗಿ ಮುಂದೆ ಹೋಗುತ್ತಿದ್ದರು. ಇಲ್ಲಿ ಯಾರಿಗೂ ಆ ಸಂಕೋಚವಿಲ್ಲ. ಬಾಗಿಲು ತೆರೆದಿದ್ದರೆ ಬರುತ್ತಾರೆ, ಕಲ್ಲನ್ನು ಸವರುತ್ತಾರೆ, ನಿಮ್ಮವರು ಎಲ್ಲಿದ್ದಾರೆ ಎಂದು ಕೇಳುತ್ತಾರೆ, ಮದುವೆಯಾಗಿಲ್ಲ ಎಂದರೆ ಕಲ್ಲನ್ನು ಬಿಟ್ಟು ನನ್ನನ್ನು ನೋಡುತ್ತಾರೆ. ಹೋಗುವಾಗ ಬುದ್ಧಿಮಾತು: "ಸೋಮೇಶ್ವರ ಗುಡಿ ನೋಡೀರಿಲ್ಲೋ? ಅಂಥಾದ್ದು ಮಾಡ್ರಿ." ನೋಡಿದ್ದೇನೆ. ಆ ಗುಡಿಯ ಕಂಬಗಳ ಪಕ್ಕ ಕುಳಿತಾಗೆಲ್ಲ ನಾನು ದಡ್ಡಿಯೆಂದೇ ಅನ್ನಿಸಿದೆ. ಅದನ್ನು ಇವರಿಗೆ ಹೇಳುವುದು ಹೇಗೆ?

ಮೊದಲ ಮಳೆಗಾಲದಲ್ಲಿ ಜ್ವರ ಬಂದು ಮೂರು ದಿನ ಮಲಗಿದ್ದೆ. ಸದ್ದು ನಿಂತದ್ದನ್ನು ಗಮನಿಸಿ ನೀಲವ್ವ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಿಸಿ ರೊಟ್ಟಿ, ಬ್ಯಾಳಿ. "ಎದ್ದು ಕುಂಡ್ರವ್ವಾ, ಒಂದು ತುತ್ತು ತಿನ್ನು," ಎಂದರು. ವಾಸಿಯಾದ ಮೇಲೆ ಅವರ ಮನೆಗೆ ಹೋದೆ. ಬೀಸುಕಲ್ಲು ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಕಲ್ಲು ಕಟೆಯುವವರು ಈಗ ಈ ಕಡೆ ಬರುವುದೇ ಇಲ್ಲವಂತೆ. ನಾಚಿಕೆಯಾಗಿ ಹೊತ್ತು ತಂದು ಉಳಿಪೆಟ್ಟು ಹಾಕಿಕೊಟ್ಟೆ. ಮರುದಿನವೇ ಅವರು ಹಿಟ್ಟಿನ ಬೋಗುಣಿ ಹಿಡಿದು ಬಂದರು. ಹಿಟ್ಟಿನ ತುಂಬ ಕಲ್ಲಿನ ಕಣ. "ದೇವರ ಮೂರ್ತಿ ಕಡಿದಂಗ ಕಡದೀಯಲ್ಲ! ಹಗುರಕ ಬಡಿಬೇಕವ್ವಾ. ಕಲ್ಲಿಗೆ ತುರಿಕಿ ಬಂದಂಗ ಇರಬೇಕು, ಗಾಯ ಆಗಬಾರ್ದು."

ಕಲಾ ಕಾಲೇಜಿನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಎರಡನೆಯ ಸಲ ಸರಿಹೋಯಿತು. ಅಂದಿನಿಂದ ನನ್ನ ಕಲ್ಲುಗಳಿಗೆ ಪಾಲಿಶ್ ಹಾಕುವುದನ್ನು ಬಿಟ್ಟೆ. ಮೈಯೆಲ್ಲ ಸಣ್ಣ ಸಣ್ಣ ಪೆಟ್ಟುಗಳು. ಬೆಳಕು ಅದರ ಮೇಲೆ ಜಾರದೆ ನಿಲ್ಲುತ್ತದೆ.

ಅಂಥ ಮೈಯಿರುವ ದೊಡ್ಡ ಕೆಲಸವೊಂದನ್ನು ಗದಗಿನ ಖಾಸಗಿ ಆಸ್ಪತ್ರೆಯೊಂದು ತನ್ನ ಅಂಗಳಕ್ಕೆ ಕೇಳಿತು. ಹದಿನಾಲ್ಕು ತಿಂಗಳು ಹಿಡಿಯಿತು. ಎರಡು ಕಲ್ಲು, ಒಂದರ ಕಡೆಗೊಂದು ಬಾಗಿವೆ, ತಾಗುವುದಿಲ್ಲ. ನಡುವೆ ಒಂದು ಮೊಳದ ಸಂದಿ. ಒಳಗೆ ಮಲಗಿದವರಿಗಾಗಿ ಹೊರಗೆ ಕಾಯುವವರು ಆ ಸಂದಿಯೊಳಗಿಂದ ಆಕಾಶ ನೋಡಲಿ ಎಂಬ ಆಸೆ. ಎದುರಿಗೊಂದು ಕಟ್ಟೆಯನ್ನೂ ಕಟ್ಟಿಸಿದೆ. ಇಲ್ಲಿಗೆ ಬಂದ ಏಳು ವರ್ಷದಲ್ಲಿ ನನಗೆ ಪೂರ್ತಿ ಸಮಾಧಾನ ಕೊಟ್ಟ ಕೆಲಸ ಅದೊಂದೇ.

ಕಲ್ಲುಗಳನ್ನು ಅಂಗಳದಲ್ಲಿ ಕೂಡಿಸಿ ಎರಡು ತಿಂಗಳಾಗಿತ್ತು. ಸೊಸೆಯ ಹೆರಿಗೆಗೆಂದು ಆ ಆಸ್ಪತ್ರೆಗೆ ಹೋಗಿದ್ದ ನೀಲವ್ವ ಪೇಡೆ ಕೊಡಲು ಬಂದವರು ಹಿಗ್ಗಿನಿಂದ, "ನಿನ್ನ ಕಲ್ಲಿಗೆ ಗಡಿಯಾರ ಹಾಕ್ಯಾರವ್ವಾ! ಈಗ ನೋಡು ಚಂದ ಕಾಣತೈತಿ," ಎಂದರು.

ಕೈಯಲ್ಲಿದ್ದ ಪೇಡೆಯನ್ನು ಹಾಗೇ ಇಟ್ಟು ಗದಗಿನ ಬಸ್ಸು ಹತ್ತಿದೆ. ಖರೆ ಇತ್ತು. ಸಂದಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಡಿದು ಕೆಂಪು ಅಂಕಿಯ ಗಡಿಯಾರ ಕೂಡಿಸಿದ್ದರು. ಪಟ್ಟಿಗಾಗಿ ಎರಡೂ ಕಲ್ಲಿಗೆ ತೂತು ಕೊರೆದಿದ್ದರು.

ಆಸ್ಪತ್ರೆಯ ಅಧ್ಯಕ್ಷರು ಚಹಾ ತರಿಸಿದರು. ಕೆಟ್ಟವರಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. "ನಡುವ ಜಾಗಾ ಸುಮ್ಮನ ಖಾಲಿ ಇತ್ತಲ್ರಿ ಮೇಡಂ. ಟೈಮ್ ಕೇಳಾಕ ಮಂದಿ ಕೌಂಟರಿಗೆ ಬರೋದು ಈಗ ನಿಂತೈತಿ."

"ಅದು ಖಾಲಿ ಜಾಗ ಅಲ್ಲ ಸರ್. ನಾನು ಮಾಡಿದ್ದೇ ಅದನ್ನ."

"ಖಾಲಿ ಜಾಗಾನೂ ಮಾಡತಾರೇನ್ರಿ?" ಅವರು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಅರ್ಧ ಗಂಟೆ ವಿವರಿಸಿದೆ. ಕೊನೆಗೆ, "ಗಡಿಯಾರ ದಾನ ಕೊಟ್ಟವರು ಬ್ಯಾಸರ ಮಾಡ್ಕೋತಾರ್ರಿ," ಎಂದರು.

"ಹಾಗಾದ್ರೆ ನನ್ನ ಹೆಸರು ತೆಗೀರಿ."

"ಅದು ಕಲ್ಲಾಗ ಕೆತ್ತಿದ್ದೈತಲ್ರಿ, ಹೆಂಗ ತಗಿಯೂದು?"

"ನನಗೆ ಗೊತ್ತು," ಎಂದೆ.

ಮರುದಿನ ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ ಅಂಗಳದಲ್ಲಿ ಕುಳಿತೆ. ಎರಡು ಸಾಲಿನ ಹೆಸರು ಅಳಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಕಟ್ಟೆಯ ಮೇಲೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಒಬ್ಬ ಮುದುಕ ಪಕ್ಕದವನಿಗೆ, "ಹೊಸ ಹೆಸರು ಬರೀತಾರೇನೋ," ಎಂದ. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು. ಗಡಿಯಾರ ಈಗಲೂ ಅಲ್ಲೇ ಇದೆ. ನಾನು ಆ ಕಡೆ ಹೋಗುವುದಿಲ್ಲ. ನೀಲವ್ವನಿಗೆ ನನ್ನ ಸಿಟ್ಟು ಇನ್ನೂ ಅರ್ಥವಾಗಿಲ್ಲ. "ನಿನ್ನ ಕಲ್ಲ ಯಾರು ಒಯ್ದರು? ಅಲ್ಲೇ ಐತಲ್ಲ," ಎನ್ನುತ್ತಾರೆ.

ಹೋದ ತಿಂಗಳು ಮೈಸೂರಿನ ಒಂದು ಗುಂಪು ಪ್ರದರ್ಶನದಲ್ಲಿ ನನ್ನ ಮೂರು ಕಲ್ಲುಗಳಿದ್ದವು. ಬಂದವರು ದೂರದಲ್ಲೇ ನಿಂತು ಫೋಟೋ ತೆಗೆದುಕೊಂಡರು, ಒಬ್ಬರೂ ಮುಟ್ಟಲಿಲ್ಲ. ಆ ಸದ್ದಿಲ್ಲದ ಮೆಚ್ಚುಗೆ ನನಗೆ ಯಾಕೋ ಉಸಿರುಗಟ್ಟಿಸಿತು. ಹಳೆಯ ಗೆಳತಿ ವನಜಾ, "ಊರಾಚೆ ಶೆಡ್ ಹಾಕಿಸಿದ್ದೀನಿ ಕಣೇ. ಅರ್ಧ ನಿಂಗೆ. ಸಾಕು, ವಾಪಸ್ ಬಂದ್ಬಿಡು," ಎಂದಳು.

"ಆತು, ವಿಚಾರ ಮಾಡ್ತೀನಿ," ಎಂದೆ.

ಅವಳು ನಕ್ಕಳು. "ಏನೇ ಇದು, ಪೂರ್ತಿ ಆ ಕಡೆಯವಳೇ ಆಗಿಬಿಟ್ಟಿದ್ದೀಯಲ್ಲ!"

ಹುಬ್ಬಳ್ಳಿಯವರೆಗೆ ರೈಲು, ಮುಂದೆ ಲಕ್ಷ್ಮೇಶ್ವರದ ಬಸ್ಸು. ಪಕ್ಕದ ಸೀಟಿನ ಹೆಂಗಸು ಶೇಂಗಾ ಕೊಟ್ಟು ಮಾತು ತೆಗೆದಳು. "ಯಾವೂರ್ರಿ?"

"ಲಕ್ಷ್ಮೇಶ್ವರ."

"ಮಾತು ಹಂಗಿಲ್ಲಲ್ರಿ."

"ಮೈಸೂರ ಕಡಿಯಾಕಿ. ಇಲ್ಲಿ ಬಂದು ಏಳು ವರ್ಷ ಆತ್ರಿ."

"ಏಳು ವರ್ಷಂದ್ರ ಇನ್ನೂ ಹೊಸಬರ ಬಿಡ್ರಿ," ಎಂದು ಆಕೆ ಸಿಪ್ಪೆಯನ್ನು ಕಿಟಕಿಯಿಂದಾಚೆ ತೂರಿದಳು. "ಮತ್ತ ಊರಿಗೆ ಯಾವಾಗ ಹೊಕ್ಕೀರಿ?"

ಈಗ ಊರಿಂದಲೇ ಬರುತ್ತಿದ್ದೇನೆ ಎನ್ನಬೇಕೋ, ಊರಿಗೇ ಹೋಗುತ್ತಿದ್ದೇನೆ ಎನ್ನಬೇಕೋ ತಿಳಿಯದೆ, ಬಾಯಿಗೆ ಒಂದು ಶೇಂಗಾ ಹಾಕಿಕೊಂಡೆ.