ನಮ್ಮ ಅಡ್ಡಹೆಸರು ಶಹಾಬಾದ

ಅಕ್ಕನ ಸಂಬಂಧ ಮುರಿಯುವ ಹಂತಕ್ಕೆ ಬಂದದ್ದು ನನ್ನ ಬಾಯಿಂದಲೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಅವ್ವ ಹೇಳುತ್ತಾಳೆ, ಅದೂ ನಾಲ್ಕು ಮಾತು ಸೇರಿಸಿ.

ಮುತ್ತಜ್ಜ ಶಹಾಬಾದದಲ್ಲಿ ಕಲ್ಲು ಒಡೆಯುವುದನ್ನು ಬಿಟ್ಟು ಆಳಂದದ ಕಡೆಯ ಸರಸಂಬಾಕ್ಕೆ ಬಂದಾಗ, ಜನ ಅವನನ್ನು ಬಿಟ್ಟುಬಂದ ಊರಿನ ಹೆಸರಿನಿಂದಲೇ ಕರೆದರು. ಆ ಹೆಸರು ನಮ್ಮ ಆಧಾರ್ ಕಾರ್ಡಿನವರೆಗೂ ನಡೆದುಕೊಂಡು ಬಂತು. ಆ ಕಾರ್ಖಾನೆ ಊರನ್ನು ನಾನು ನೋಡಿದ್ದು ಒಮ್ಮೆ, ರೈಲಿನ ಕಿಟಕಿಯಿಂದ, ಆಕಳಿಸುತ್ತಾ.

ಜೇವರ್ಗಿಯಿಂದ ಅಕ್ಕನನ್ನು ನೋಡಲು ಬಂದರು. ಚಹಾ ಕುಡಿಯುತ್ತಾ ಹುಡುಗನ ಕಾಕಾ ಕೇಳಿದರು: "ಶಹಾಬಾದ ಅಂದ್ರ ಫ್ಯಾಕ್ಟರಿ ಊರಿನೋರೇನ್ರಿ?"

ಕಂಡಕಂಡವರ ದನಿ ಅಣಕಿಸುವುದು ನನ್ನ ಚಟ. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಫ್ಯಾಕ್ಟರಿ ಸಾಹೇಬನ ದನಿ ತೆಗೆದೆ. "ಹೌದ್ರಿ! ಶಹಾಬಾದದಾಗ ಯಾರನ್ನರ ಕೇಳ್ರಿ, ನಮ್ಮ ಮನಿತನ ಗೊತ್ತಿಲ್ಲದೋರೇ ಇಲ್ಲ." ಮೇಲಿಂದ ಪಾಳಿ ಬಿಡುವ ಸೈರನ್ ಬೇರೆ ಬಾಯಲ್ಲೇ ಕೂಗಿಸಿದೆ. ಎಲ್ಲರೂ ನಕ್ಕರು, ಕಾಕಾ ನಗಲಿಲ್ಲ. ಹೆಣ್ಣು ತರುವ ಮುಂಚೆ ಹೆಣ್ಣಿನವರ ಊರಲ್ಲಿ ಮನೆತನ ವಿಚಾರಿಸುವುದು ನಮ್ಮ ಕಡೆಯ ವಾಡಿಕೆ. ಕಾಕಾ ನಿಜಕ್ಕೂ ಶಹಾಬಾದಕ್ಕೆ ಹೋದರು.

ಇತ್ತ ಅಕ್ಕನಿಗೆ ಹುಡುಗ ಹಿಡಿಸಿದ್ದ. ಅವತ್ತಿಡೀ ಅವಳು ನನಗೆ ಒಂದು ಮಾತೂ ಬೈಯಲಿಲ್ಲ ಎಂದರೆ ನೀವೇ ತಿಳಿದುಕೊಳ್ಳಿ.

ವಾರ ಬಿಟ್ಟು ಕಾಕಾ ಒಬ್ಬರೇ ಬಂದರು. ಮುಖ ನೆಲಕ್ಕೆ ಹಾಸುವ ಶಹಾಬಾದದ ಫರಸಿ ಕಲ್ಲಿನಷ್ಟೇ ಗಟ್ಟಿ.

"ಇಡೀ ಊರ ಸುತ್ತಿ ಬಂದೇನಿ. ಚಹಾದಂಗಡಿ, ಕಲ್ಲಿನ ಖಣಿ, ಒಂದೂ ಬಿಟ್ಟಿಲ್ಲ. ನಿಮ್ಮನ್ನ ಬಲ್ಲೋರು ಒಬ್ಬರೂ ಇಲ್ಲ. ಸುಳ್ಳ ಊರ ಹೇಳೋರ ಮನಿ ಹೆಣ್ಣ ನಮಗ ಬ್ಯಾಡ್ರಿ."

ಅಪ್ಪ ನನ್ನನ್ನು ನೋಡಿದ. ನಾನು ಜೀವಮಾನದಲ್ಲಿ ಮೊದಲ ಸಲ ನನ್ನದೇ ದನಿಯಲ್ಲಿ ಮಾತಾಡಿದೆ: "ಕಾಕಾರ, ನಾ ಮಂಗ್ಯಾನಂಗ ಆಡಿದೆ. ಅದು ಮುತ್ತಜ್ಜ ಬಿಟ್ಟ ಊರ. ನಾವು ಹುಟ್ಟಿದ್ದು, ಬೆಳೆದಿದ್ದು ಎಲ್ಲಾ ಇಲ್ಲೇ."

"ಹಂಗಾರ ಆ ಹೆಸರ ಯಾಕ ಇಟ್ಕೊಂಡೀರಿ?" ಎಂದು ಕಾಕಾ ಚಪ್ಪಲಿ ಮೆಟ್ಟಿದರು.

ಆಗ ಅಕ್ಕ ಹೊರಗೆ ಬಂದಳು, ಕೈಗೆ ಮೆತ್ತಿದ ಜೋಳದ ಹಿಟ್ಟಿನ ಸಮೇತ. ಅವಳ ಮಾತು ಕೇಳಿ ಕಾಕಾ ಚಪ್ಪಲಿ ಬಿಟ್ಟು, ಮತ್ತೆ ಬಂದು ಕೂತು, ಹೊಟ್ಟೆ ಹಿಡಿದು ನಕ್ಕು, ಎಲ್ಲರ ಬಾಯಿಗೂ ಸಕ್ಕರೆ ಹಾಕಿಸಿದರು. ಮದುವೆ ಪಕ್ಕಾ! ಈಗಲೂ ಜೇವರ್ಗಿಗೆ ಹೋದಾಗಲೆಲ್ಲ ಅಕ್ಕನ ದನಿಯಲ್ಲಿ ಆ ಮಾತನ್ನು ನಾನು ಆಡಿ ತೋರಿಸಲೇಬೇಕು, ಕಾಕಾ ಬಿಡುವುದಿಲ್ಲ:

"ನಿಮ್ಮ ಅಡ್ಡಹೆಸರ ಅಫಜಲಪುರ, ನೀವು ಇರೋದು ಜೇವರ್ಗಿ. ನಿಮ್ಮ ಹುಡುಗನ ವಿಚಾರಣೆ ನಾವು ಜೇವರ್ಗಿಯಾಗ ಮಾಡೇವಿ ಕಾಕಾರ. ಅಫಜಲಪುರದಾಗ ಕೇಳಿದ್ರ ನೀವೂ ಸುಳ್ಳೇ ಆಗ್ತಿದ್ರಿ!"